ಎತ್ತರದ ಮರದ ತುಡುವೆ ಜೇನನ್ನು ಇಳಿಸುವ ಬಗೆ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿಗಳ ವಿಷಯವಾಗಿ ನಾನು ನಿಮ್ಮ ಮನೆಬಾಗಿಲಿಗೆ ಬಂದು ಎಷ್ಟೋ ಸಲ ಮಾತನಾಡಿದ್ದೇನೆ. ಈ ದಿನ ಬೇರೊಂದು ವಿಷಯ ಎತ್ತಿಕೊಂಡಿದ್ದೇನೆ. ನಿಮ್ಮ ತೋಟದ ಅಂಚಿನಲ್ಲಿ, ಬೆಟ್ಟದ ಬದಿಯಲ್ಲಿ ಹಳೆಯ ಹಲಸು, ಮಾವು, ಹುಣಸೆಯ ಮರಗಳಿವೆ. ಅವುಗಳ ಪೊಟರೆಗಳಲ್ಲಿ ಜೇನು ಕುಟುಂಬಗಳು ಸಂಸಾರ ಹೂಡಿಕೊಂಡಿವೆ. ಅಂಥ ಕುಟುಂಬವನ್ನು ಕೊಲ್ಲದೆ, ನೀವೂ ಕೈಕಾಲು ಮುರಿದುಕೊಳ್ಳದೆ, ಮರದಿಂದ ಇಳಿಸಿ ಪೆಟ್ಟಿಗೆಗೆ ಸೇರಿಸುವುದು ಹೇಗೆ ಎಂಬುದನ್ನು ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ತಪ್ಪು ಮಾಡಿದವನ ಮಾತಿನಲ್ಲಿ ಸ್ವಲ್ಪ ಹೆಚ್ಚು ಉಪಯೋಗವಿರುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ರೈತರು, ತಮ್ಮ ಹುಣಸೆಮರದಲ್ಲಿ ಜೇನಿದೆ, ಪೆಟ್ಟಿಗೆಗೆ ಹಾಕಿಕೊಡಿ ಎಂದು ಕರೆದರು. ಡಿಪ್ಲೊಮಾ ತರಗತಿಯಲ್ಲಿ ಜೇನಿನ ಪಾಠ ಓದಿದವನು ನಾನು. ಹಗಲು ಹನ್ನೊಂದು ಗಂಟೆಗೆ ಮರ ಹತ್ತಿದೆ. ನೊಣಗಳಿಗೆ ಹೆದರಿ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಹೊಗೆ ಹಾಕಿದೆ. ಎರಿಗಳನ್ನು ಕತ್ತರಿಸಿ, ತುಪ್ಪ ತುಂಬಿದ್ದು, ಮರಿ ಇದ್ದದ್ದು ಎಂದು ನೋಡದೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ. ತುಪ್ಪ ಸೋರಿ ನೊಣಗಳು ಅದರಲ್ಲೇ ಮುಳುಗಿದವು. ಆ ಗಡಿಬಿಡಿಯಲ್ಲಿ ಕೈಯಲ್ಲಿದ್ದ ಉಳಿ ಜಾರಿ, ಕೆಳಗೆ ನೋಡುತ್ತ ನಿಂತಿದ್ದ ಹುಡುಗನ ಪಕ್ಕದಲ್ಲಿ ಒಂದು ಗೇಣು ದೂರಕ್ಕೆ ಬಿದ್ದು ನೆಲಕ್ಕೆ ನಾಟಿತು. ನಾಲ್ಕನೆಯ ದಿನ ಹೋಗಿ ನೋಡಿದರೆ ಪೆಟ್ಟಿಗೆ ಬರಿದಾಗಿತ್ತು, ಒಳಗೆ ಇರುವೆಗಳ ಸಾಲು. ಆ ರೈತರು ಬೈಯಲಿಲ್ಲ. “ನೀವು ಓದಿದ್ದೀರಿ ಸ್ವಾಮಿ, ಆದರೆ ನೊಣ ಓದಿಲ್ಲವಲ್ಲ” ಎಂದಷ್ಟೇ ಹೇಳಿದರು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಯಾವ ಜೇನು?

ನಮ್ಮ ಕಡೆ ಮುಖ್ಯವಾಗಿ ನಾಲ್ಕು ಬಗೆಯ ಜೇನುಗಳಿವೆ. ಎತ್ತರದ ಕೊಂಬೆಗೋ ಬಂಡೆಗೋ ಬಯಲಿನಲ್ಲೇ ಒಂದೇ ದೊಡ್ಡ ಎರಿ ಕಟ್ಟುವುದು ಹೆಜ್ಜೇನು. ಇದು ಪೆಟ್ಟಿಗೆಯಲ್ಲಿ ನಿಲ್ಲುವ ಜಾತಿಯಲ್ಲ. ರೊಚ್ಚಿಗೆದ್ದರೆ ಹಿಂಡು ಹಿಂಡಾಗಿ ಬೆನ್ನಟ್ಟಿ ಬರುತ್ತದೆ, ಪ್ರಾಣಕ್ಕೂ ಅಪಾಯ. ಅದರ ತಂಟೆಗೆ ಹೋಗಬೇಡಿ. ಪೊದೆಯ ಸಣ್ಣ ಕಡ್ಡಿಗೆ ಅಂಗೈಯಷ್ಟು ಅಗಲದ ಒಂದೇ ಎರಿ ಕಟ್ಟುವುದು ಕೋಲುಜೇನು. ಅದೂ ಪೆಟ್ಟಿಗೆಗೆ ಬಾರದು. ಗೋಡೆಯ ಸಂದಿನಲ್ಲಿ ಮೇಣದ ಕೊಳವೆಯಂಥ ಬಾಗಿಲು ಮಾಡಿಕೊಂಡು ಇರುವ, ಕಚ್ಚಲು ಕೊಂಡಿಯಿಲ್ಲದ ಚಿಕ್ಕ ಜೇನು ಮಿಸ್ರಿ ಅಥವಾ ಮುಜಂಟಿ. ಅದರ ಸಾಕಣೆಯ ದಾರಿಯೇ ಬೇರೆ.

ನಮಗೆ ಬೇಕಾದದ್ದು ತುಡುವೆ. ಕತ್ತಲಿರುವ ಪೊಟರೆಯಲ್ಲಿ, ಹುತ್ತದಲ್ಲಿ ಒಂದರ ಪಕ್ಕ ಒಂದರಂತೆ ಐದಾರು ಎರಿಗಳನ್ನು ಸಾಲಾಗಿ ಕಟ್ಟುವುದು ಇದರ ಗುಣ. ಸಾಲಾಗಿ ಕಟ್ಟುವುದರಿಂದಲೇ ಪೆಟ್ಟಿಗೆಯ ಚೌಕಟ್ಟುಗಳಿಗೆ ಹೊಂದಿಕೊಳ್ಳುತ್ತದೆ. ನಾವು ಬಳಸುವ ನ್ಯೂಟನ್ ಪೆಟ್ಟಿಗೆಯನ್ನು ಈ ತುಡುವೆಗೆಂದೇ 1911ರಿಂದ 1917ರ ಅವಧಿಯಲ್ಲಿ ತಿರುಚಿನಾಪಳ್ಳಿಯಲ್ಲಿ ಪಾದ್ರಿ ನ್ಯೂಟನ್ ಅವರು ರೂಪಿಸಿದರು. ಅದರ ಚೌಕಟ್ಟಿನ ಒಳಅಳತೆ 8¼ ಅಂಗುಲ ಉದ್ದ, 5¾ ಅಂಗುಲ ಎತ್ತರ.

ಪೊಟರೆಯ ಬಾಗಿಲು ನೆಲದಿಂದ ಕಾಣದಿದ್ದರೆ ಬಿಸಿಲೇರಿದ ಮೇಲೆ ಮರದ ಪಶ್ಚಿಮಕ್ಕೆ ನಿಂತು, ಸೂರ್ಯನಿಗೆ ಎದುರಾಗಿ ಕೊಂಬೆಗಳ ನಡುವೆ ನೋಡಿರಿ. ಬೆಳಕಿನಲ್ಲಿ ನೊಣಗಳ ದಾರಿ ಎಳೆಯಂತೆ ಕಾಣುತ್ತದೆ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಒಳಹೋಗುವ ನೊಣಗಳು ಹೆಚ್ಚಾಗಿದ್ದರೆ ಒಳಗೆ ರಾಣಿ ಇದೆ, ಮರಿಗಳಿವೆ ಎಂದು ತಿಳಿಯಬೇಕು.

ಏಕೆ ಉಳಿಸಬೇಕು?

ಒಂದು ಹಿಂಡು ಹೋದರೆ ಏನಾಯಿತು, ಕಾಡಿನಲ್ಲಿ ಇನ್ನೊಂದಿದೆ ಎನ್ನುವವರಿದ್ದಾರೆ. ಅವರಿಗೆ ಒಂದು ಸಂಗತಿ ನೆನಪಿಸುತ್ತೇನೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಾಣು ರೋಗ ನಮ್ಮ ನಾಡಿನ ತುಡುವೆಗೆ ಬಂತು. ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ತಲೆಮಾರಿನಿಂದ ಜೇನು ಸಾಕಿದ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ರೋಗ ತಡೆದುಕೊಂಡು ಉಳಿದ ಹಿಂಡುಗಳಿಂದ ಮುಂದೆ ಮೆಲ್ಲಗೆ ಸಂತತಿ ಹೆಚ್ಚಿತು. ಆದ್ದರಿಂದ ಪೊಟರೆಯಲ್ಲಿರುವ ಒಂದೊಂದು ಹಿಂಡೂ ಬಿತ್ತನೆಯ ಬೀಜವಿದ್ದಂತೆ. ಬೀಜದ ಭತ್ತವನ್ನು ಬೇಯಿಸಿ ಉಣ್ಣುವವನನ್ನು ನಾವು ಒಕ್ಕಲಿಗ ಎನ್ನುತ್ತೇವೆಯೇ?

ಇನ್ನು ಲಾಭದ ಮಾತು. ತುಡುವೆ ಪೆಟ್ಟಿಗೆ ಸಾಧಾರಣವಾಗಿ ವರ್ಷಕ್ಕೆ 3ರಿಂದ 5 ಕಿಲೋ ತುಪ್ಪ ಕೊಡುತ್ತದೆ, ಹೂ ಹೆಚ್ಚಿರುವ ಕಡೆ ಅದಕ್ಕಿಂತ ಹೆಚ್ಚು. ಆದರೆ ತುಪ್ಪ ಕಾಣುವ ಲಾಭ ಮಾತ್ರ. ಸೌತೆ, ಕುಂಬಳ, ಹೀರೆಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಪರಾಗವನ್ನು ಹೊತ್ತು ತರುವ ನೊಣವಿಲ್ಲದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಏಲಕ್ಕಿ, ಸೂರ್ಯಕಾಂತಿ, ಸಾಸಿವೆಗೂ ನೊಣದ ಋಣವಿದೆ.

ಹಲಸಿನ ಮರದ ಕಥೆ

ಈಗ ಈ ವರ್ಷದ ಸಂಗತಿಗೆ ಬರುತ್ತೇನೆ. ಒಂದು ಹಳ್ಳಿಯಲ್ಲಿ ಹಳೆಯ ಹಲಸಿನ ಮರವೊಂದು ಕೊಟ್ಟಿಗೆಯ ಮೇಲೆ ವಾಲಿಕೊಂಡಿತ್ತು. ಬುಡ ಟೊಳ್ಳು. ಮುಂಗಾರಿನ ಗಾಳಿಗೆ ಬಿದ್ದರೆ ದನಕರುಗಳ ಮೇಲೆಯೇ ಬೀಳುವುದು. ಕಡಿಯುವುದೆಂದು ತೀರ್ಮಾನವಾಗಿ ಆಳುಗಳನ್ನೂ ಗೊತ್ತುಮಾಡಿದ್ದರು. ಸುಮಾರು 35 ಅಡಿ ಎತ್ತರದ ಪೊಟರೆಯಲ್ಲಿ ತುಡುವೆ ಇತ್ತು. ಕಡಿಯುವವರಿಗೆ ನೊಣ ತೊಂದರೆ ಕೊಡಬಾರದೆಂದು ಹಿಂದಿನ ರಾತ್ರಿ ತೆಂಗಿನ ಗರಿಯ ಸೂಡಿ ಹಚ್ಚಿ ಸುಟ್ಟುಬಿಡುವುದೆಂದು ಮನೆಯವರ ಯೋಚನೆ. ಎರಡು ದಿನ ತಡೆಯಿರಿ ಎಂದು ಕೇಳಿಕೊಂಡೆ. ಹುಣಸೆಮರದ ಕಥೆ ಅವರ ಕಿವಿಗೂ ಬಿದ್ದಿತ್ತು. ಆದರೂ ಒಪ್ಪಿದರು.

ಈ ಸಲ ನಾನು ಒಬ್ಬನೇ ಹೊರಡಲಿಲ್ಲ. ಅದೇ ಊರಿನಲ್ಲಿ ಚಿಕ್ಕಂದಿನಿಂದ ಜೇನು ಕಿತ್ತ ಒಬ್ಬ ಅಜ್ಜನಿದ್ದರು. ಅವರ ಬಳಿ ಹೋಗಿ, “ಅಜ್ಜಾ, ನೀವು ದಾರಿ ತೋರಿಸಬೇಕು” ಎಂದೆ. ಅವರು ನಕ್ಕರು. “ಕೀಳುವುದು ಗೊತ್ತು ಮಾರಾಯ್ರೇ, ಕೂರಿಸುವುದು ನನಗೆ ಗೊತ್ತಿಲ್ಲ. ನೀವು ಕೂರಿಸಿ, ನಾನು ಇಳಿಸುತ್ತೇನೆ” ಎಂದರು. ಮರ ಏರಿದ್ದು ಅವರ ಮೊಮ್ಮಗ. ನಾನು ಪೊಟರೆಯ ಎದುರಿನ ಕವಲಿನಲ್ಲಿ ಚೌಕಟ್ಟುಗಳನ್ನು ಹಿಡಿದು ಕುಳಿತೆ. ಅಜ್ಜ ಕೆಳಗಿನಿಂದ ಹಗ್ಗ ಹಿಡಿದರು. ನಾವು ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ.

ಏರುವ ಮೊದಲು

ಕಾಲ: ಮಳೆ ಪೂರ್ತಿ ನಿಂತು ಹೂ ಸಿಗುವ ದಿನಗಳನ್ನು ಆರಿಸಿಕೊಳ್ಳಿ. ಮಲೆನಾಡಿನಲ್ಲಿ ದೀಪಾವಳಿ ಕಳೆದ ಮೇಲಿನಿಂದ ಶಿವರಾತ್ರಿಯವರೆಗೆ ಅನುಕೂಲ. ಮಳೆಗಾಲದಲ್ಲಿ ಹಿಂಡನ್ನು ಕದಲಿಸಿದರೆ ಅದಕ್ಕೆ ಹೊರಗೆ ಮೇವಿಲ್ಲ, ಒಳಗೆ ಮನೆಯಿಲ್ಲ.

ಹೊತ್ತು: ಸಂಜೆ ನಾಲ್ಕೂವರೆಯ ಮೇಲೆ. ಬಿಸಿಲಿನಲ್ಲಿ ಎರಿಯ ಮೇಣ ಮೆತ್ತಗಾಗಿ ಹರಿಯುತ್ತದೆ, ನೊಣವೂ ಸಿಟ್ಟಾಗುತ್ತದೆ. ಹಾಗೆಂದು ಕತ್ತಲೆಯಲ್ಲಿ ಮರದ ಮೇಲಿರಬೇಡಿ.

ಸಾಮಾನು: ಪೆಟ್ಟಿಗೆ, ಏಳು ಚೌಕಟ್ಟು, ನೀರಿನಲ್ಲಿ ನೆನೆಸಿದ ಬಾಳೆಯ ನಾರು, ಚೂಪಾದ ಚಾಕು, ಉಳಿ, ಕೈಗೊಡಲಿ, ಮುಖಪರದೆ, ಹೊಗೆ ತಿದಿ, ಮುಚ್ಚಳದ ಪಾತ್ರೆ, ಒಂದು ಬಟ್ಟಲು ನೀರು. ತಿದಿ ಇಲ್ಲದಿದ್ದರೆ ತೆಂಗಿನ ನಾರನ್ನು ಬಟ್ಟೆಯಲ್ಲಿ ಸುತ್ತಿ ಹೊಗೆಯಾಡಿಸಿದರೂ ಆದೀತು.

ಹಗ್ಗ: ಎರಡು ಗಟ್ಟಿ ಹಗ್ಗ ಬೇಕೇ ಬೇಕು. ಒಂದು ಮನುಷ್ಯನಿಗೆ, ಒಂದು ಪೆಟ್ಟಿಗೆಗೆ. ಮನುಷ್ಯನ ಹಗ್ಗವನ್ನು ಸೊಂಟಕ್ಕೂ ತೊಡೆಗೂ ಕಟ್ಟಿ, ಪೊಟರೆಗಿಂತ ಮೇಲಿನ ಜೀವಂತ ಕೊಂಬೆಯೊಂದರ ಮೇಲಿಂದ ಇಳಿಬಿಟ್ಟು, ಕೆಳಗೆ ಪಕ್ಕದ ಮರಕ್ಕೆ ಎರಡು ಸುತ್ತು ಸುತ್ತಿ ಹಿಡಿಯಬೇಕು. ಬರಿಗೈಯಲ್ಲಿ ಹಿಡಿದ ಹಗ್ಗ ಬೀಳುವವನನ್ನು ತಡೆಯದು. ನಮ್ಮ ಬಿದಿರೇಣಿ 20 ಅಡಿಗೇ ಮುಗಿಯಿತು. ಅದನ್ನು ಮರಕ್ಕೆ ಮೂರು ಕಡೆ ಬಿಗಿದು, ಅಲ್ಲಿಂದ ಮೇಲೆ ಹಗ್ಗದ ಆಧಾರದಿಂದ ಹತ್ತಿದೆವು. ಮರದ ಬುಡ ಟೊಳ್ಳಾದರೂ ಮೇಲ್ಭಾಗ ಹಸಿಯಾಗಿತ್ತು. ಒಣಗಿದ ಮರವಾಗಿದ್ದರೆ ಹತ್ತುತ್ತಲೇ ಇರಲಿಲ್ಲ. ಪ್ರತಿ ಹತ್ಯಾರಿಗೂ ದಾರ ಕಟ್ಟಿ ಮಣಿಕಟ್ಟಿಗೆ ಬಿಗಿಯಿರಿ. ಮರದ ಕೆಳಗೆ ಹಗ್ಗ ಹಿಡಿದವರ ಹೊರತು ಯಾರೂ ಇರಕೂಡದು. ಆ ಹುಡುಗನ ಪಕ್ಕಕ್ಕೆ ಬಿದ್ದ ಉಳಿ ನನಗೆ ಕಲಿಸಿದ ಪಾಠ ಇದು.

ಮರದ ಮೇಲೆ

ಪೊಟರೆಯ ಬಾಗಿಲಿಗೆ ಮೂರು ನಾಲ್ಕು ಸಲ ಮೆಲ್ಲಗೆ ಹೊಗೆ ಊದಿ ಸ್ವಲ್ಪ ಹೊತ್ತು ಕಾಯಿರಿ. ಹೊಗೆ ಕಂಡ ನೊಣ ಮನೆ ಬಿಡಬೇಕಾದೀತೆಂದು ಹೊಟ್ಟೆತುಂಬ ತುಪ್ಪ ಕುಡಿಯುತ್ತದೆ, ಆಮೇಲೆ ಸಾಧುವಾಗುತ್ತದೆ. ಹೆಚ್ಚು ಹೊಗೆ ಹಾಕಿದರೆ ರಾಣಿ ಪೊಟರೆಯ ಆಳಕ್ಕೆ ಓಡುತ್ತದೆ. ಬಳಿಕ ಉಳಿಯಿಂದ ಬಾಗಿಲನ್ನು ಕೈ ಹೋಗುವಷ್ಟು ಅಗಲ ಮಾಡಿ.

ಹೊರಗಿನ ಎರಿಯಿಂದ ಆರಂಭಿಸಿ ಒಂದೊಂದನ್ನೇ ಬುಡದಲ್ಲಿ ಕೊಯ್ದು ತೆಗೆಯಿರಿ. ತೆಗೆಯುವ ಮುನ್ನ ಮೇಲಿರುವ ನೊಣಗಳನ್ನು ಒಳಕ್ಕೇ ಮೆಲ್ಲಗೆ ಕೊಡವಿ. ರಾಣಿ ಇದೆಯೇ ಎಂದು ಎರಡೂ ಮುಖ ನೋಡಿ. ಅದರ ಮೈ ಉದ್ದ, ರೆಕ್ಕೆ ಮೈಗಿಂತ ಗಿಡ್ಡ. ಎರಿಯ ಮೇಲ್ಭಾಗದಲ್ಲಿ ತುಪ್ಪ, ಕೆಳಭಾಗದಲ್ಲಿ ಮರಿ ಇರುತ್ತದೆ. ತುಪ್ಪದ ಭಾಗವನ್ನು ಕೊಯ್ದು ಮುಚ್ಚಳದ ಪಾತ್ರೆಗೆ ಹಾಕಿ. ಅದು ಪೆಟ್ಟಿಗೆಯೊಳಗೆ ಹೋಗಕೂಡದು. ಮರಿ ಎರಿಯನ್ನು ಚೌಕಟ್ಟಿನ ಅಳತೆಗೆ ಕೊಯ್ದು, ಪೊಟರೆಯಲ್ಲಿ ಮೇಲಿದ್ದ ಅಂಚು ಮೇಲಕ್ಕೇ ಬರುವಂತೆ ಚೌಕಟ್ಟಿಗೆ ಒತ್ತಿ, ಬಾಳೆನಾರಿನಿಂದ ಎರಡು ಕಡೆ ಕಟ್ಟಿ. ತಲೆಕೆಳಗು ಮಾಡಬೇಡಿ. ನಾರನ್ನು ಎರಿ ಅಪ್ಪಚ್ಚಿಯಾಗುವಂತೆ ಬಿಗಿಯಲೂಬೇಡಿ.

ಮೊಟ್ಟೆ ಇರುವ ಎರಿ ಒಂದಾದರೂ ಇರಲಿ. ಅಕಸ್ಮಾತ್ ರಾಣಿ ಸತ್ತರೂ, ಮೊಟ್ಟೆ ಮತ್ತು ಎಳೆಯ ಹುಳು ಇದ್ದರೆ ನೊಣಗಳು ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಮೊಟ್ಟೆಯಿಂದ ರಾಣಿ ಹೊರಬರಲು ಸುಮಾರು 16 ದಿನ ಬೇಕು. ಮರಿ ಎರಿ ಹಿಂಡನ್ನು ಪೆಟ್ಟಿಗೆಗೆ ಕಟ್ಟಿಹಾಕುವ ಗೂಟವೂ ಹೌದು. ತೊಟ್ಟಿಲಲ್ಲಿ ಮಗುವಿರುವಾಗ ತಾಯಿ ಸುಲಭವಾಗಿ ಮನೆ ಬಿಟ್ಟು ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಸತ್ತ ಹುಳುಗಳು ಕೋಶದಲ್ಲಿ ತಲೆ ಮೇಲೆತ್ತಿ ದೋಣಿಯಂತೆ ಮಲಗಿದ್ದರೆ, ಕಡ್ಡಿಯಿಂದ ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ, ಅದೇ ಮೊದಲು ಹೇಳಿದ ರೋಗ. ಆ ಎರಿಯನ್ನು ಬೇರೆ ಪೆಟ್ಟಿಗೆಗಳ ಹತ್ತಿರಕ್ಕೂ ತರಬೇಡಿ. ಕೈ, ಚಾಕುಗಳನ್ನು ಸಾಬೂನಿನಿಂದ ತೊಳೆಯಿರಿ.

ನಾವು ಐದು ಎರಿ ಕಟ್ಟಿ, ಪೆಟ್ಟಿಗೆಯನ್ನು ಪೊಟರೆಯ ಬಾಯಿಗೆ ತಾಗಿಸಿ ಕೊಂಬೆಗೆ ಬಿಗಿದೆವು. ನೊಣಗಳನ್ನು ಕೈಯಿಂದ ಬಾಚಿ ಬಾಚಿ ಒಳಗೆ ಬಿಟ್ಟೆವು. ಆದರೆ ಅವು ನಿಲ್ಲಲಿಲ್ಲ. ಒಳಹೋದವು ಮತ್ತೆ ಹೊರಬಂದು ಪೊಟರೆಗೇ ಸೇರತೊಡಗಿದವು. ಹೊತ್ತು ಇಳಿಯುತ್ತಿತ್ತು. ಮರುದಿನ ಮಧ್ಯಾಹ್ನಕ್ಕೆ ಕಡಿಯುವ ಆಳುಗಳು ಬರುವವರಿದ್ದರು. ಹುಣಸೆಮರವೇ ನನ್ನ ಕಣ್ಣ ಮುಂದೆ ಬಂತು.

ಕೆಳಗಿನಿಂದ ಅಜ್ಜ ಕೂಗಿದರು: “ಯಜಮಾನಿ ಇನ್ನೂ ಒಳಗೇ ಇದ್ದಾಳೆ. ಮರಕ್ಕೆ ಕಿವಿ ಇಟ್ಟು ಕೇಳೋ!” ಹುಡುಗ ಮರಕ್ಕೆ ಕಿವಿಯಿಟ್ಟ. ಬಾಗಿಲಿಗಿಂತ ಒಂದು ಮೊಳ ಮೇಲೆ ಗುಂಯ್ಗುಡುವ ಸದ್ದು ದಟ್ಟವಾಗಿತ್ತು. ಅಲ್ಲಿ ಪೊಟರೆಯ ಮೂಲೆಯಲ್ಲಿ ಒಂದು ಹಿಡಿಯಷ್ಟು ನೊಣಗಳು ಗೊಂಚಲುಗಟ್ಟಿದ್ದವು. ಅವನು ತೋಳು ಪೂರ್ತಿ ಒಳಗಿಟ್ಟು, ಕೈಗೆ ನಾಲ್ಕಾರು ಕಡೆ ಕಚ್ಚಿಸಿಕೊಂಡು, ಅಲುಗಾಡದೆ ಆ ಗೊಂಚಲನ್ನು ಹಾಗೆಯೇ ತಂದು ಚೌಕಟ್ಟುಗಳ ನಡುವೆ ಇಳಿಬಿಟ್ಟ. ಕ್ಷಣದಲ್ಲಿ ಪೆಟ್ಟಿಗೆಯ ಬಾಗಿಲಲ್ಲಿ ನೊಣಗಳು ಸಾಲಾಗಿ ನಿಂತು, ಹಿಂಭಾಗ ಎತ್ತಿ ರೆಕ್ಕೆ ಬೀಸತೊಡಗಿದವು. ಅದು “ರಾಣಿ ಇಲ್ಲಿದ್ದಾಳೆ, ಬನ್ನಿರಿ” ಎಂಬ ಕರೆ. ಪೊಟರೆಯಲ್ಲಿದ್ದವೂ ಕೊಂಬೆಯ ಮೇಲಿದ್ದವೂ ಸಂತೆಗೆ ಹೊರಟ ಜನರಂತೆ ನಡೆದು ಒಳಸೇರಿದವು. ಕೆಳಗೆ ಅಜ್ಜ ಏನೂ ಹೇಳಲಿಲ್ಲ, ಎಲೆಯಡಿಕೆಯ ಚೀಲ ಬಿಚ್ಚಿದರು. ಕೆಲಸ ಆಯಿತೆಂದು ಅದರಿಂದಲೇ ತಿಳಿಯಿತು.

ಬೆಳಕಿರುವಾಗಲೇ ನಾವು ಇಳಿದೆವು. ಪೆಟ್ಟಿಗೆ ರಾತ್ರಿಯೆಲ್ಲ ಮರದ ಮೇಲೆಯೇ ಇತ್ತು. ಹೊರಗೆ ಹೋಗಿದ್ದ ನೊಣಗಳು ಬಂದು ಸೇರಲು ಇದು ಅಗತ್ಯ. ಮರುದಿನ ನಸುಕಿನಲ್ಲಿ, ನೊಣ ಹಾರುವ ಮುಂಚೆ, ಬಾಗಿಲಿಗೆ ತಂತಿಯ ಬಲೆ ಮುಚ್ಚಿ, ಪೆಟ್ಟಿಗೆಯನ್ನು ಹಗ್ಗದಿಂದ ಅಲುಗದಂತೆ ಇಳಿಸಿದೆವು.

ಇಳಿಸಿದ ಮೇಲೆ

ತುಡುವೆ ಹಳೆಯ ಮನೆಯ ಜಾಗವನ್ನು ಮರೆಯುವುದಿಲ್ಲ. ಹತ್ತಿರದಲ್ಲೇ ಇಟ್ಟರೆ ಮೇವಿಗೆ ಹೋದ ನೊಣಗಳು ಹಳೆಯ ಮರಕ್ಕೇ ಮರಳಿ ಸಾಯುತ್ತವೆ. ಆದ್ದರಿಂದ ಪೆಟ್ಟಿಗೆಯನ್ನು 3 ಕಿಲೋಮೀಟರ್ ದೂರದ ನೆಂಟರ ತೋಟದಲ್ಲಿ 15 ದಿನ ಇಟ್ಟು, ಆಮೇಲೆ ತಂದೆವು.

ಪೆಟ್ಟಿಗೆ ನೆರಳಿನಲ್ಲಿರಲಿ. ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಇರುವೆ ತಡೆಯಿರಿ. ಮೊದಲ ವಾರ ಬಾಗಿಲಿಗೆ ರಾಣಿ ತಡೆ ಹಾಕಿ. ಸಂಜೆ ಹೊತ್ತು ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಸೇರಿಸಿದ ಪಾಕವನ್ನು ಪೆಟ್ಟಿಗೆಯ ಒಳಗೇ ಕೊಡಿ, ಹೊರಗೆ ಚೆಲ್ಲಬೇಡಿ. ನಾಲ್ಕೈದು ದಿನದಲ್ಲಿ ನೊಣಗಳು ಎರಿಯನ್ನು ಚೌಕಟ್ಟಿಗೆ ಬೆಸೆಯುತ್ತವೆ, ಆಗ ನಾರು ತೆಗೆಯಿರಿ. ಅದುವರೆಗೆ ಮುಚ್ಚಳ ತೆಗೆದು ತೆಗೆದು ಇಣುಕಬೇಡಿ. ಮೊದಲ ವರ್ಷ ತುಪ್ಪದ ಆಸೆ ಬೇಡ. ತೋಟಕ್ಕೆ ಔಷಧಿ ಸಿಂಪಡಿಸುವುದು ಅನಿವಾರ್ಯವಾದರೆ ನೊಣ ಮನೆ ಸೇರಿದ ಸಂಜೆಯ ಮೇಲೆ ಸಿಂಪಡಿಸಿ, ನೆರೆಯವರಿಗೂ ಹೇಳಿ.

ಕಚ್ಚಿದರೆ ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು, ಮುಖದ ಊತ, ಉಸಿರಾಟದ ತೊಂದರೆ ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಒಮ್ಮೆ ಹಾಗಾದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಅರಣ್ಯ ಇಲಾಖೆಯ ಮರವಾದರೆ ಮೊದಲು ಅನುಮತಿ ಪಡೆಯಿರಿ.

ಏರದೆಯೂ ಸಾಧ್ಯ

ಕೊನೆಗೊಂದು ಮಾತು. ಮರ ಬೀಳುವಂತಿಲ್ಲ, ಹಿಂಡಿಗೆ ಅಪಾಯವಿಲ್ಲ ಎಂದಾದರೆ ಅದನ್ನು ಅಲ್ಲಿಯೇ ಬಿಡಿ. ಹಿಂಡು ಪಾಲಾಗುವ ಕಾಲದಲ್ಲಿ ಹಳೆಯ ಮಡಕೆಗೋ ಖಾಲಿ ಪೆಟ್ಟಿಗೆಗೋ ಒಳಗೆ ಜೇನುಮೇಣ ಸವರಿ, ಚಿಕ್ಕ ಬಾಗಿಲು ಬಿಟ್ಟು, ತೋಟದ ಮರದ ಕವಲಿನಲ್ಲಿ ಆಳೆತ್ತರಕ್ಕೆ ಕಟ್ಟಿಡಿ. ಮೇಲಿನ ಪೊಟರೆಯಿಂದ ಹೊರಟ ಮರಿಹಿಂಡು ಮನೆ ಹುಡುಕುತ್ತ ತಾನಾಗಿ ಬಂದು ಕುಳಿತರೂ ಕುಳಿತೀತು. ಎಲ್ಲ ಮಡಕೆಗೂ ಬರುವುದಿಲ್ಲ. ನಾಲ್ಕಾರು ಕಡೆ ಕಟ್ಟಿದರೆ ಒಂದಕ್ಕಾದರೂ ಬಂದೀತು. ಸೊಂಟ ಮುರಿಯುವ ಭಯವಂತೂ ಇಲ್ಲ.

ಹಲಸಿನ ಮರ ಅದೇ ಮಧ್ಯಾಹ್ನ ಉರುಳಿತು, ಕೊಟ್ಟಿಗೆ ಉಳಿಯಿತು. ಪೆಟ್ಟಿಗೆ ಈಗ ಆ ಮನೆಯ ಹಿತ್ತಿಲಿನಲ್ಲಿದೆ, ಏಳೂ ಚೌಕಟ್ಟುಗಳಲ್ಲಿ ನೊಣ ತುಂಬಿದೆ. ಸುಡಬೇಕೆಂದಿದ್ದ ಯಜಮಾನರೇ ಈಗ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಾರಂತೆ. ಅಜ್ಜ ಮೊನ್ನೆ ಸಿಕ್ಕಿದ್ದರು. “ಇಷ್ಟು ವರ್ಷ ಕಿತ್ತದ್ದಕ್ಕೆ ಒಂದನ್ನಾದರೂ ಕೂರಿಸಿದ ಹಾಗಾಯಿತು” ಎಂದರು. ಹುಣಸೆಮರದ ಲೆಕ್ಕ ನನ್ನ ಮೇಲೆ ಇನ್ನೂ ಬಾಕಿಯಿದೆ. ಆ ರೈತರ ತೋಟದಲ್ಲಿ ಬರುವ ದೀಪಾವಳಿಗೆ ಮೂರು ಮಡಕೆ ಕಟ್ಟಿಕೊಡುವುದಾಗಿ ಮಾತು ಕೊಟ್ಟಿದ್ದೇನೆ.

ನಿಮ್ಮ ಊರಿನಲ್ಲಿ ಜೇನಿರುವ ಮರವನ್ನು ಕಡಿಯುವ ಸಂದರ್ಭ ಬಂದರೆ, ಸೂಡಿ ಹಚ್ಚುವ ಮುಂಚೆ ನನಗೆ ಒಂದು ಮಾತು ಹೇಳಿಕಳುಹಿಸಿ. ಅಜ್ಜನನ್ನೂ ಕರೆದುಕೊಂಡು ಬರುತ್ತೇನೆ.